ಅಜ್ಜನ ಡೈರಿಯನ್ನು ವಿಶ್ವವಿದ್ಯಾಲಯಕ್ಕೆ ಕೊಡುವ ಮುನ್ನ

ಅಟ್ಟದಿಂದ ಟ್ರಂಕು ಇಳಿಸಿದ್ದೀರಿ. ಒಳಗೆ ಅಜ್ಜನ ಡೈರಿಗಳು, ಇನ್‌ಲ್ಯಾಂಡ್ ಲೆಟರುಗಳು, ಕಂದಾಯದ ರಸೀದಿಗಳು. ಇವನ್ನು ವಿಶ್ವವಿದ್ಯಾಲಯದ ಪತ್ರಾಗಾರಕ್ಕೆ, ಅಂದರೆ ಹಳೆಯ ಕಾಗದಪತ್ರಗಳನ್ನು ಕಾಪಾಡಿಡುವ ವಿಭಾಗಕ್ಕೆ, ಕೊಡುವ ಮನಸ್ಸಿದ್ದರೆ, ಮೊದಲು ಏನನ್ನೂ ಜೋಡಿಸಲು ಹೋಗಬೇಡಿ. ಇದ್ದ ಹಾಗೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ನಮ್ಮಜ್ಜನ ಡೈರಿಯ ಒಂದು ಪುಟದಲ್ಲಿ ಹಾಲಿನ ಲೆಕ್ಕವಿದೆ. ಕೆಳಗೆ ‘ಮಳೆ ಇಲ್ಲ’ ಅಂತ ಎರಡೇ ಪದ. ಅಲ್ಲೇ ಸೊಸೈಟಿ ಸಾಲದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಾರೆ. ಮೂರನ್ನೂ ಒಟ್ಟಿಗೆ ನೋಡಿದರೆ ಆ ವರ್ಷ ಮನೆ ಹೇಗೆ ನಡೆಯಿತು ಅಂತ ತಿಳಿಯುತ್ತದೆ. ಚೀಟಿಯನ್ನು ಬೇರೆ ಫೈಲಿಗೆ ಹಾಕಿದರೆ ಅದು ಸುಮ್ನೆ ಒಂದು ಚೀಟಿ, ಅಲ್ವಾ? ಪತ್ರಾಗಾರದವರು ಮೂಲ ಕ್ರಮ ಕಾಪಾಡಿ ಅನ್ನುವುದು ಇದಕ್ಕೇ.

ಆಮೇಲೆ ಮೆತ್ತನೆಯ ಒಣ ಬ್ರಷ್ಷಿನಿಂದ ದೂಳು ತೆಗೆಯಿರಿ. ಬಿಸಿಲಿಗೆ ಹರಡಬೇಡಿ, ಶಾಯಿ ಮಾಸುತ್ತದೆ. ಗುಂಡುಪಿನ್ನಿನ ತುಕ್ಕು ಕಾಗದವನ್ನು ತಿನ್ನುತ್ತದೆ ನಿಜ, ಆದರೆ ಸಲೀಸಾಗಿ ಬರದಿದ್ದರೆ ಎಳೆಯಬೇಡಿ. ಹರಿದ ಹಾಳೆಗೆ ಸೆಲ್ಲೋಟೇಪು ಬೇಡವೇ ಬೇಡ. ಅದರ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು.

ಬೇರೆ ಹಾಳೆಯಲ್ಲಿ ಒಂದು ಪಟ್ಟಿ ಬರೆಯಿರಿ: ಯಾರ ಡೈರಿ, ಯಾವ ವರ್ಷ, ಎಷ್ಟು ಪುಸ್ತಕ. ‘ಪುಟ್ಟಣ್ಣ ಬಂದಿದ್ದ’ ಅಂತಿದ್ದರೆ ಆ ಪುಟ್ಟಣ್ಣ ಯಾರು? ಮನೆಯ ಹಿರಿಯರನ್ನು ಈ ವಾರವೇ ಕೂರಿಸಿ ಕೇಳಿ. ನಾನು ತಡಮಾಡಿದೆ. ಅತ್ತೆ ಹೋದ ಮೇಲೆ ಆರು ಹೆಸರು ಹಾಗೇ ಉಳಿದವು.

ಎಲ್ಲ ಪತ್ರಾಗಾರವೂ ಎಲ್ಲವನ್ನೂ ತೆಗೆದುಕೊಳ್ಳುವುದಿಲ್ಲ. ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಪತ್ರಾಗಾರದ ಗಮನ ವಿಜ್ಞಾನದ ಇತಿಹಾಸದ ಮೇಲೆ. 1872ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಮಲಯಾಳಂ ನಿಘಂಟನ್ನು ರಚಿಸಿದ ಹರ್ಮನ್ ಗುಂಡರ್ಟ್ ಅವರ ಕಾಗದಪತ್ರಗಳು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿವೆ. ಈಗ ಅವನ್ನು ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ಓದಬಹುದು. ನೀವು ಕೊಡಬೇಕೆಂದಿರುವ ಪತ್ರಾಗಾರಕ್ಕೆ ಮೊದಲು ಪಟ್ಟಿ ಮತ್ತು ಫೋಟೊ ಕಳಿಸಿ, ಅವರಿಗೆ ಬೇಕೇ ಎಂದು ಕೇಳಿ.

ಒಪ್ಪಿದರೆ ದಾನಪತ್ರಕ್ಕೆ ಸಹಿ ಹಾಕುವ ಮುನ್ನ ಪೂರ್ತಿ ಓದಿ. ಡೈರಿ ನಿಮ್ಮ ಕೈಯಲ್ಲಿದ್ದರೂ ಬರಹದ ಹಕ್ಕಿನಲ್ಲಿ ಬೇರೆ ವಾರಸುದಾರರ ಪಾಲಿರಬಹುದು. ಅವರ ಒಪ್ಪಿಗೆಯನ್ನೂ ಪಡೆಯಿರಿ. ಸ್ಕ್ಯಾನ್ ಪ್ರತಿ ಮನೆಗೂ ಕೊಡಬೇಕೆಂದು ಬರೆಸಿ. ಮನೆಜಗಳ, ಕಾಯಿಲೆಯ ಪುಟಗಳಿದ್ದರೆ ಇಂತಿಷ್ಟು ವರ್ಷ ಯಾರಿಗೂ ತೋರಿಸಬಾರದು ಎಂಬ ಕರಾರು ಹಾಕಲು ಕೇಳಬಹುದು. ಆ ಪುಟಗಳನ್ನು ಮಾತ್ರ ದಯವಿಟ್ಟು ಹರಿಯಬೇಡಿ.