ಮೆದೆ ಬೇರೆ, ಬಣವೆ ಬೇರೆ: ಗುಂಪಿನ ಪದಗಳನ್ನು ನಾನು ಕೂಡಿಸಿದ ಬಗೆ

ನಾಲ್ಕನೆಯ ತರಗತಿಯ ಮಕ್ಕಳಿಗಾಗಿ ಪ್ರಕಾಶಕರೊಬ್ಬರು ಹೊರತರುತ್ತಿದ್ದ ಕನ್ನಡ ಅಭ್ಯಾಸ ಪುಸ್ತಕಕ್ಕೆ ‘ಹೊಂದಿಸಿ ಬರೆಯಿರಿ’ ಎಂಬ ಒಂದು ಪುಟವನ್ನು ಸಿದ್ಧಪಡಿಸುವ ಕೆಲಸ ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂತು. ಎಡಗಡೆ ಪ್ರಾಣಿ, ಹಣ್ಣು, ಪೈರು, ಮನುಷ್ಯರ ಹೆಸರುಗಳಿರಬೇಕು, ಬಲಗಡೆ ಅವು ಒಂದೆಡೆ ಸೇರಿದಾಗ ನಾವು ಹೇಳುವ ಪದವಿರಬೇಕು. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವೆಂದುಕೊಂಡು ಒಪ್ಪಿಕೊಂಡೆ.

ಮಾದರಿಗೆಂದು ಅವರು ಕಳುಹಿಸಿದ್ದು ಒಂದು ಇಂಗ್ಲಿಷ್ ಪುಟವನ್ನು. ಇಂಗ್ಲಿಷಿನಲ್ಲಿ ಸಿಂಹಗಳ ಗುಂಪಿಗೆ ‘ಪ್ರೈಡ್’ ಎಂದೂ ಕಾಗೆಗಳ ಗುಂಪಿಗೆ ‘ಮರ್ಡರ್’ ಎಂದೂ ಹೆಸರುಗಳಿವೆ. ಇಂಥ ಪದಗಳ ಪಟ್ಟಿ 1486ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ಅಚ್ಚಾದ ಬೇಟೆಯ ಪುಸ್ತಕವೊಂದರಲ್ಲಿ ಸಿಗುತ್ತದೆ. ಬೇಟೆಯಾಡುವ ಸಿರಿವಂತರ ನಡುವೆ ಹುಟ್ಟಿದ ಆ ಪಟ್ಟಿಯಲ್ಲಿ ತಮಾಷೆಗೆಂದು ಕಟ್ಟಿದ ಪದಗಳೂ ಬಹಳ ಇವೆ. ಅದನ್ನು ಎದುರಿಗಿಟ್ಟುಕೊಂಡು ಕನ್ನಡದಲ್ಲಿ ತುಂಬಲು ಕುಳಿತಾಗ ನನ್ನ ಬಲಗಡೆಯ ಸಾಲಿನಲ್ಲಿ ‘ಗುಂಪು’ ಮತ್ತು ‘ಹಿಂಡು’ ಎಂಬ ಎರಡೇ ಪದಗಳು ಮತ್ತೆ ಮತ್ತೆ ಬರತೊಡಗಿದವು. ಬಡತನ ಕಾಣಬಾರದೆಂದು ವೃಂದ, ಸ್ತೋಮ, ಸಂಕುಲ, ನಿಕರ ಎಂದು ಸಂಸ್ಕೃತದಿಂದ ತಂದು ಸೇರಿಸಿದೆ. ಆದರೆ ಇವು ಯಾವುದರ ಜೊತೆಗೂ ಹೊಂದಿಕೊಳ್ಳುವ ಪದಗಳು; ಹೊಂದಿಸಿ ಬರೆಯುವ ಮಗು ಯಾವ ಗೆರೆಯನ್ನು ಎಲ್ಲಿಗೆ ಎಳೆದರೂ ಉತ್ತರ ಸರಿಯೇ ಆಗುತ್ತಿತ್ತು. ಕೊನೆಗೆ ಕುರಿಗೆ ಮಂದೆ, ದ್ರಾಕ್ಷಿಗೆ ಗೊಂಚಲು, ಬಾಳೆಗೆ ಗೊನೆ ಎಂಬ ಎಲ್ಲರಿಗೂ ಗೊತ್ತಿರುವ ಜೋಡಿಗಳ ಕೆಳಗೆ ‘ರಾಗಿಯ ಹುಲ್ಲು: ಮೆದೆ ಅಥವಾ ಬಣವೆ’ ಎಂದು ಬರೆದು ಪುಟವನ್ನು ಮುಗಿಸಿದೆ. ಅದು ಹಾಗೆಯೇ ಅಚ್ಚಾಯಿತು.

ತುಮಕೂರು ಕಡೆಯ ಹಳ್ಳಿಯಲ್ಲಿರುವ ನನ್ನ ಸೋದರತ್ತೆಯ ಮನೆಗೆ ಹೋಗಿದ್ದಾಗ ಅವರ ಮೊಮ್ಮಗ ಅದೇ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದ. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದವರು ಕೈ ನಿಲ್ಲಿಸಿ, “ಇದ್ನ ಬರ್ದೋರು ಕಣ ಕಂಡೋರಲ್ಲ ಬಿಡು” ಎಂದರು. ಬರೆದವಳು ನಾನೇ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾನು ಒಪ್ಪಿಕೊಂಡ ಮೇಲೆ ನಗುತ್ತ ನನ್ನನ್ನು ಹಿತ್ತಲಿನ ಆಚೆಗಿದ್ದ ಕಣಕ್ಕೆ ಕರೆದುಕೊಂಡು ಹೋದರು. ಕುಯ್ಲು ಮುಗಿದ ಕಾಲವಾದ್ದರಿಂದ ತೋರಿಸುವುದಕ್ಕೆ ಎಲ್ಲವೂ ಅಲ್ಲೇ ಇತ್ತು.

ಕುಡುಗೋಲಿನಿಂದ ಕೊಯ್ದ ರಾಗಿಯನ್ನು ಹಿಡಿಹಿಡಿಯಾಗಿ ಹೊಲದಲ್ಲೇ ಸಾಲಾಗಿ ಮಲಗಿಸಿದರೆ ಅದು ಅರಿ. ಅರಿಗಳು ಒಣಗಿದ ಮೇಲೆ ಕೆಲವನ್ನು ಕೂಡಿಸಿ ಕಟ್ಟಿದರೆ ಸಿವುಡು. ಇದನ್ನೇ ಕಂತೆ ಎನ್ನುವ ಊರುಗಳೂ ಇವೆ. ಒಬ್ಬರು ತಲೆಯ ಮೇಲೆ ಹೊತ್ತು ತರುವಷ್ಟು ಸೇರಿದರೆ ಹೊರೆ. ಕಾಳಿರುವ ಸಿವುಡುಗಳನ್ನು ತೆನೆ ಒಳಗಾಗಿ, ಬುಡ ಹೊರಗಾಗಿ, ಹಕ್ಕಿಯೂ ಹನಿಯೂ ತಾಗದಂತೆ ಒಟ್ಟಿದ್ದು ಮೆದೆ. ಬಿಡುವು ನೋಡಿಕೊಂಡು ಮೆದೆಯನ್ನು ಕಿತ್ತು, ಕಣದಲ್ಲಿ ಹರಡಿ, ಒಕ್ಕಿ, ತೂರಿದ ಮೇಲೆ ಕಾಳು ರಾಶಿಯಾಗುತ್ತದೆ, ಕಾಳು ಉದುರಿದ ಹುಲ್ಲು ಬಣವೆಯಾಗುತ್ತದೆ. “ಮೆದೆಗೆ ಬೆಂಕಿ ಬಿದ್ರೆ ನಮ್ಗೆ ಊಟ ಇಲ್ಲ, ಬಣವೆಗೆ ಬಿದ್ರೆ ದನಕ್ಕಿಲ್ಲ” ಎಂದು ಅತ್ತೆ ಹೇಳಿದಾಗ ನಾನು ‘ಅಥವಾ’ ಎಂದು ಬರೆದಿದ್ದ ಎರಡು ಪದಗಳ ನಡುವೆ ಇಡೀ ಒಕ್ಕಣೆಯೇ ಇದೆಯೆಂಬುದು ಅರ್ಥವಾಯಿತು. ನಾವು ಲೆಕ್ಕ ಕೂಡುವಾಗ ಹೇಳುವ ‘ಒಟ್ಟು’ ಕೂಡ ಹೀಗೆ ಒಂದರ ಮೇಲೊಂದು ಒಟ್ಟುವ ಕೆಲಸದ ಪದವೇ ಎಂಬುದು ನನಗೆ ಹೊಳೆದದ್ದು ಮೆದೆಯ ಪಕ್ಕದಲ್ಲಿ ನಿಂತಾಗ.

ಎರಡನೆಯ ಮುದ್ರಣಕ್ಕೆ ಪುಟವನ್ನು ಹೊಸದಾಗಿ ಬರೆಯುವಾಗ ನಾನು ಇಂಗ್ಲಿಷ್ ಮಾದರಿಯನ್ನು ಬದಿಗಿಟ್ಟೆ. ಯಾವ ಪ್ರಾಣಿಗೆ ಯಾವ ಪದ ಎಂದು ಹುಡುಕುವ ಬದಲು, ಇದನ್ನು ಒಂದೆಡೆ ಸೇರಿಸಿದವರು ಯಾರು, ಏತಕ್ಕೆ ಎಂದು ಪ್ರತಿ ಪದಕ್ಕೂ ಕೇಳುತ್ತ ಹೋದೆ. ಆಗ ಹಿಂಡು ಮತ್ತು ಮಂದೆ ತಾವಾಗಿಯೇ ಬೇರೆಯಾದವು. ಕಾಡಾನೆಗಳದ್ದು ಹಿಂಡು, ಅದನ್ನು ಯಾರೂ ಮಂದೆ ಎನ್ನುವುದಿಲ್ಲ, ಏಕೆಂದರೆ ಮಂದೆಯ ಹಿಂದೆ ಕಾಯುವವನೊಬ್ಬ ಇರಬೇಕು, ರಾತ್ರಿ ಅದು ತಂಗುವ ಜಾಗವಿರಬೇಕು. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿಗಳನ್ನು ತಂಗಿಸಿಕೊಳ್ಳುವ ರೈತನಿಗೆ ಬೇಕಾಗಿರುವುದೂ ಮಂದೆಯೇ. ಬಾಳೆಗೊನೆಯನ್ನು ಅಂಗಡಿಯವನು ಕುಯ್ದು ಚಿಪ್ಪು ಮಾಡುತ್ತಾನೆ. ಬೆಂಗಳೂರಿನಲ್ಲಿ ಮೊಳದ ಲೆಕ್ಕದಲ್ಲಿ ಕೊಳ್ಳುವ ಮಲ್ಲಿಗೆಯನ್ನು ಉಡುಪಿಯ ಶಂಕರಪುರದಲ್ಲಿ ಚೆಂಡು, ಅಟ್ಟೆ ಎಂದು ಮಾರುತ್ತಾರೆ: ಸುಮಾರು 800 ಮೊಗ್ಗು ಕಟ್ಟಿದರೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ.

ಮನುಷ್ಯರ ಸಾಲು ಹೆಚ್ಚು ಕಾಡಿತು. ಕನ್ನಡದಲ್ಲಿ ಜನರನ್ನು ಎಣಿಸುವ ಬಗೆಯೇ ಬೇರೆ. ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು ಎಂದು ಹೇಳಿಕೊಂಡು ಹೋಗಿ ಆರಕ್ಕೆ ಬಂದ ಕೂಡಲೇ ‘ಆರು ಜನ’ ಅಥವಾ ‘ಆರು ಮಂದಿ’ ಎನ್ನುತ್ತೇವೆ. ಐದು ಜನರ ತನಕ ಪದದೊಳಗೇ ಇದ್ದ ಮನುಷ್ಯ ಆರನೆಯವನು ಬರುತ್ತಲೇ ಹೊರಗೆ ಬಂದು ನಿಲ್ಲುತ್ತಾನೆ. ಹಳಗನ್ನಡದಲ್ಲಿ ಹೀಗಿರಲಿಲ್ಲ, ಹತ್ತು ಜನರಿಗೂ ‘ಪದಿಂಬರ್’ ಎಂಬ ಒಂದೇ ಪದ ಸಾಕಾಗಿತ್ತು, ಐಹೊಳೆಯ ವರ್ತಕರ ಕೂಟವನ್ನು ಶಾಸನಗಳು ‘ಅಯ್ಯಾವೊಳೆ ಐನೂರ್ವರು’ ಎಂದೇ ಕರೆಯುತ್ತವೆ. ಮಕ್ಕಳ ಪುಟದಲ್ಲಿ ಇದಕ್ಕೆ ಜಾಗವಿರಲಿಲ್ಲ; ಶಿಕ್ಷಕರ ಟಿಪ್ಪಣಿಯಲ್ಲಿ ಸೇರಿಸಿದೆ.

ಉಳಿದ ಪದಗಳಲ್ಲಿಯೂ ಜನ ಸೇರಿದ ಕಾರಣವೇ ಮುಖ್ಯವಾಯಿತು. ಮದುವೆಗೆ ಹೊರಟರೆ ದಿಬ್ಬಣ, ಯಕ್ಷಗಾನ ಆಡಲು ಹೊರಟರೆ ಮೇಳ, ಕಾಳಗಕ್ಕೆ ಹೊರಟರೆ ದಂಡು. ಬ್ರಿಟಿಷರ ಸೈನ್ಯ 1809ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಕಡೆಗೆ ಇಂದಿಗೂ ದಂಡು ಎಂಬ ಹೆಸರಿದೆ, ಹಾಗಿದ್ದೂ ಬೇಸಗೆ ರಜೆಗೆ ಮನೆಗೆ ಬಂದಿಳಿಯುವ ಮಕ್ಕಳನ್ನೂ ನಾವು ದಂಡು ಎನ್ನಲು ಹಿಂಜರಿಯುವುದಿಲ್ಲ. ಇವುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಪರಿಷೆ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿಯ ಸುತ್ತ ಸೇರುವ ಪರಿಷೆಗೂ 1915ರಲ್ಲಿ ಸ್ಥಾಪನೆಯಾದ ಸಾಹಿತ್ಯ ಪರಿಷತ್ತಿನ ಹೆಸರಿಗೂ ಮೂಲ ಒಂದೇ, ಸಂಸ್ಕೃತದ ‘ಪರಿಷತ್’. ಬಾಯಿಂದ ಬಾಯಿಗೆ ಸವೆದದ್ದು ಜಾತ್ರೆಗೆ ಹೋಯಿತು, ಸವೆಯದೆ ಉಳಿದದ್ದು ಸಭೆಯಲ್ಲಿ ಕುಳಿತಿತು.

ಸಿಂಹವನ್ನು ಪುಟದಿಂದ ತೆಗೆದುಹಾಕಿ ಆ ಜಾಗಕ್ಕೆ ಸಿವುಡನ್ನು ತಂದೆ. ಕಾಗೆಯನ್ನು ಮಾತ್ರ ಬಿಡಲು ಮನಸ್ಸಾಗದೆ ಅದರ ಎದುರಿಗೆ ‘ಬಳಗ’ ಎಂದು ಬರೆದೆ. ಕರಡು ತಿದ್ದಿದವರು ಅದಕ್ಕೆ ಕೆಂಪು ಗೆರೆ ಹಾಕಿ, ಬಳಗವೆಂದರೆ ನೆಂಟರಿಷ್ಟರಲ್ಲವೇ ಎಂದು ಅಂಚಿನಲ್ಲಿ ಕೇಳಿದ್ದರು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಹೇಳಿದ, ಒಂದಗುಳು ಕಂಡರೂ ಕಾಗೆ ತನ್ನ ಬಳಗವನ್ನು ಕರೆಯುತ್ತದೆ ಎಂಬ ಮಾತನ್ನು ಅದರ ಕೆಳಗೆ ಬರೆದು ಕರಡನ್ನು ಹಿಂದಕ್ಕೆ ಕಳುಹಿಸಿದೆ. ಪುಟ ಅಚ್ಚಾಗಿ ಬಂದಾಗ ಕಾಗೆಯ ಎದುರಿಗೆ ಬಳಗ ಹಾಗೆಯೇ ಇತ್ತು.