ಕೋಳಿಗೆ ಪ್ರೊಬಯಾಟಿಕ್ ಕೊಟ್ಟು ಜೀನ್ ಅಳೆದ ಕಥೆ

ಪ್ರೊಬಯಾಟಿಕ್ (ಕರುಳಿಗೆ ಒಳ್ಳೆಯದು ಅಂತ ಕೊಡುವ ಜೀವಂತ ಬ್ಯಾಕ್ಟೀರಿಯಾ) ಪ್ಯಾಕೆಟ್ ಮೇಲೆ ‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಯಾವ ಶಕ್ತಿ, ದೇಹದ ಯಾವ ಭಾಗದಲ್ಲಿ, ಯಾವಾಗ ಅಂತ ಮಾತ್ರ ಬರೆದಿರುವುದಿಲ್ಲ. ಕೋಳಿಯ ಜೀನ್‌ಗಳನ್ನೇ ಕೇಳಿ ನೋಡೋಣ ಅಂತ ಹೊರಟವರು ನಾವು. ಶೆಡ್ ಮೂಡಬಿದಿರೆ ಹತ್ತಿರ, ಲ್ಯಾಬ್ ಮಂಗಳೂರಿನಲ್ಲಿ. ಪ್ರಾಣಿ ಪ್ರಯೋಗದ ನೈತಿಕ ಸಮಿತಿ ಒಪ್ಪಿದ ಮೇಲೆಯೇ ಬ್ರಾಯ್ಲರ್ ಮರಿ ತಂದೆವು. ಒಂದು ಗುಂಪಿಗೆ ಪ್ರೊಬಯಾಟಿಕ್ ಹಾಕಿದ ಫೀಡ್, ಇನ್ನೊಂದಕ್ಕೆ ಹಾಕದ ಫೀಡ್.

ಜಾಸ್ತಿ ತಲೆ ತಿಂದಿದ್ದು ಲ್ಯಾಬ್ ಕೆಲಸವಲ್ಲ, ಫೀಡ್. ಅಂಗಡಿ ಫೀಡ್‌ನಲ್ಲಿ ಆಂಟಿಬಯಾಟಿಕ್ ಇದ್ದರೆ ನಾವು ಹಾಕುವ ಬ್ಯಾಕ್ಟೀರಿಯಾವೇ ಸಾಯಬಹುದು. ರಕ್ತಭೇದಿ ಬಾರದಂತೆ ಹಾಕುವ ಸಲಿನೊಮೈಸಿನ್ ಕೂಡ ಕರುಳಿನ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಹಾಗಾಗಿ ಮೆಕ್ಕೆಜೋಳ, ಸೋಯಾ ಹಿಂಡಿ ತರಿಸಿ ನಾವೇ ಮಿಕ್ಸ್ ಮಾಡಿಸಿದೆವು.

ಪ್ರೊಬಯಾಟಿಕ್ ಬ್ಯಾಕ್ಟೀರಿಯಾಗಳಲ್ಲಿ ಲ್ಯಾಕ್ಟೋಬ್ಯಾಸಿಲಸ್‌ಗೆ ಹೆಸರು ಜಾಸ್ತಿ. ಆದರೆ ನಮ್ಮ ಕರಾವಳಿಯ ಸೆಕೆ, ತೇವದಲ್ಲಿ ಚೀಲದೊಳಗೆ ಅದು ಬಹಳ ದಿನ ಬದುಕುವುದಿಲ್ಲ. ಅದಕ್ಕೇ ಬ್ಯಾಸಿಲಸ್ ಸಬ್ಟಿಲಿಸ್ ಆರಿಸಿದೆ. ಅದು ಗಟ್ಟಿ ಕವಚದ ಬೀಜಕವಾಗಿ (ಸ್ಪೋರ್) ಇರುತ್ತದೆ, ಪೆಲೆಟ್ ಯಂತ್ರದ ಬಿಸಿಯನ್ನೂ ತಡೆದುಕೊಳ್ಳುತ್ತದೆ. ಪ್ಯಾಕೆಟ್ ಮೇಲಿನ ಸಂಖ್ಯೆಯನ್ನು ಸುಮ್ನೆ ನಂಬಲಿಲ್ಲ. ಫೀಡ್ ಸ್ಯಾಂಪಲ್ ಅನ್ನು ನೀರಿನಲ್ಲಿ ಕಲಸಿ, 80 ಡಿಗ್ರಿಯಲ್ಲಿ 10 ನಿಮಿಷ ಇಟ್ಟರೆ ಬೇರೆ ಬ್ಯಾಕ್ಟೀರಿಯಾಗಳು ಬಹುತೇಕ ಸಾಯುತ್ತವೆ, ಬೀಜಕ ಉಳಿಯುತ್ತದೆ. ಅದನ್ನು ಪ್ಲೇಟಿನಲ್ಲಿ ಬೆಳೆಸಿ ಎಣಿಸುವುದು. ಪ್ರತಿ ಹೊಸ ಚೀಲಕ್ಕೂ ಇದೇ ಕೆಲಸ.

ಇನ್ನೊಂದು ಶತ್ರು ಬೂಷ್ಟು. ಮಳೆಗಾಲದಲ್ಲಿ ಇಲ್ಲಿ ಜೋಳಕ್ಕೆ ಬೂಷ್ಟು ಹಿಡಿಯಲು ಎಷ್ಟು ಹೊತ್ತು? ಅದರಿಂದ ಬರುವ ಅಫ್ಲಾಟಾಕ್ಸಿನ್ ಕೋಳಿಯ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ಆಮೇಲೆ ಕಂಡ ವ್ಯತ್ಯಾಸ ಪ್ರೊಬಯಾಟಿಕ್‌ನಿಂದಲೋ ಬೂಷ್ಟಿನಿಂದಲೋ ಹೇಳಲಾಗುವುದಿಲ್ಲ. ಎರಡೂ ಗುಂಪಿಗೆ ಒಂದೇ ಲಾಟ್ ಜೋಳ, ಟಾಕ್ಸಿನ್ ಪರೀಕ್ಷೆ ಆದ ಮೇಲೆಯೇ ಬಳಕೆ. ಕೆಳಗೆ ಹಾಸಿದ ಉಮಿಯೂ ಅಷ್ಟೇ. ಅದು ಒದ್ದೆಯಾಗಿ ಅಮೋನಿಯಾ ವಾಸನೆ ಬಂದರೆ ಮರಿಗಳ ಶ್ವಾಸನಾಳ ಕೆರಳುತ್ತದೆ, ಲೆಕ್ಕ ಕೆಡುತ್ತದೆ.

ಫೀಡ್ ಕೊಡುವುದು ಗೂಡಿಗೆ, ಒಂದೊಂದು ಕೋಳಿಗಲ್ಲ. ಹಾಗಾಗಿ ಲೆಕ್ಕದ ಘಟಕವೂ ಗೂಡೇ. ಒಂದು ದೊಡ್ಡ ಗೂಡಿನಲ್ಲಿ ನೂರು ಕೋಳಿ ಸಾಕಿ ‘ನೂರು ಸ್ಯಾಂಪಲ್’ ಅಂದರೆ ನಾನಂತೂ ಒಪ್ಪುವುದಿಲ್ಲ. ಚಿಕ್ಕ ಗೂಡುಗಳನ್ನು ಜಾಸ್ತಿ ಮಾಡಿ, ಯಾವುದಕ್ಕೆ ಯಾವ ಫೀಡ್ ಅಂತ ಚೀಟಿ ಎತ್ತಿದೆವು.

ಕೊಕ್ಕರೆ ರೋಗದ (ರಾಣಿಖೇತ್) ಲಸೋಟಾ ಲಸಿಕೆ ಜೀವಂತ ವೈರಸ್. ಹಾಕಿದ ಮೇಲೆ ಕೆಲವು ದಿನ ಜೀನ್‌ಗಳು ಅದರ ಗದ್ದಲದಲ್ಲೇ ಇರುತ್ತವೆ. ಎರಡೂ ಗುಂಪಿಗೆ ಒಂದೇ ದಿನ ಲಸಿಕೆ, ಸ್ಯಾಂಪಲ್ ತೆಗೆದದ್ದು ಆ ದಿನಗಳಿಂದ ದೂರದಲ್ಲಿ.

ರೋಗನಿರೋಧಕ ಕೋಶಗಳು ಸೇರುವ ದುಗ್ಧಗ್ರಂಥಿಗಳು (ಲಿಂಫ್ ನೋಡ್) ಕೋಳಿಗೆ ನಮ್ಮ ಹಾಗೆ ಇಲ್ಲ. ಅದಕ್ಕೆ ನಾವು ತೆಗೆದದ್ದು ಸೀಕಲ್ ಟಾನ್ಸಿಲ್, ಕರುಳಿಗೆ ಎರಡು ಕುರುಡುಕರುಳು ಸೇರುವ ಜಾಗದ ಸಣ್ಣ ಉಬ್ಬು. ಜೊತೆಗೆ ಗುಲ್ಮ (ಸ್ಪ್ಲೀನ್). ಒಂದು ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಳುವುದು ಅದರ ನಕಲಾದ ಆರ್‌ಎನ್‌ಎ. ಅದು ಬೇಗ ಹಾಳಾಗುತ್ತದೆ. ಕತ್ತರಿಸಿದ ತಕ್ಷಣ ಅಕ್ಕಿಕಾಳಿನಷ್ಟು ಚೂರು ಮಾಡಿ ಆರ್‌ಎನ್‌ಎ-ಲೇಟರ್ ದ್ರಾವಣಕ್ಕೆ ಹಾಕಿ ಐಸ್ ಪೆಟ್ಟಿಗೆಯಲ್ಲಿ ಲ್ಯಾಬ್‌ಗೆ. (ಉಳಿದ ಕೋಳಿ ಕೋರಿ ರೊಟ್ಟಿಗೆ ಸಿಗುತ್ತಾ ಅಂತ ಶೆಡ್‌ನವರು ಕೇಳದ ದಿನವಿಲ್ಲ. ಪ್ರಯೋಗದ ಕೋಳಿ ಊಟಕ್ಕಿಲ್ಲ.)

ಲ್ಯಾಬ್‌ನಲ್ಲಿ ಟ್ರೈಜಾಲ್‌ನಿಂದ ಆರ್‌ಎನ್‌ಎ ತೆಗೆಯುವುದು, ಡಿಎನ್‌ಏಸ್‌ನಿಂದ ಉಳಿದ ಡಿಎನ್‌ಎ ಕಳೆಯುವುದು, ಆಮೇಲೆ ಆರ್‌ಎನ್‌ಎಯನ್ನು ಸಿಡಿಎನ್‌ಎ ಆಗಿ ನಕಲು ಮಾಡಿ ರಿಯಲ್ ಟೈಮ್ ಪಿಸಿಆರ್‌ನಲ್ಲಿ ಸುತ್ತು ಸುತ್ತಾಗಿ (ಸೈಕಲ್) ಇಮ್ಮಡಿಯಾಗಿಸುತ್ತಾ ಅಳೆಯುವುದು. ಬೇಕಾದ ಜೀನನ್ನು ಹಿಡಿಯುವ ಡಿಎನ್‌ಎ ತುಣುಕು ಪ್ರೈಮರ್; ಮನುಷ್ಯನ ಪ್ರೈಮರ್‌ಗಳನ್ನು ನೆಚ್ಚಿಕೊಳ್ಳಬೇಡಿ. ಬ್ಯಾಕ್ಟೀರಿಯಾದ ಡಿಎನ್‌ಎ ಗುರುತಿಸುವ ಟಿಎಲ್‌ಆರ್-9 ಜೀನೇ ಕೋಳಿಗೆ ಇಲ್ಲ, ಅದರ ಕೆಲಸವನ್ನು ಟಿಎಲ್‌ಆರ್-21 ಮಾಡುತ್ತದೆ. ಹೋಲಿಕೆಗೆ ಒಂದೇ ರೆಫರೆನ್ಸ್ ಜೀನ್ ಸಾಲದು. ಫೀಡ್ ಬದಲಾದರೂ ಅಲುಗದ ಎರಡನ್ನು ಮೊದಲೇ ಪರೀಕ್ಷಿಸಿ ಆರಿಸಿಕೊಳ್ಳಬೇಕು. ಪಿಸಿಆರ್‌ನಲ್ಲಿ ಒಂದು ಸೈಕಲ್ ವ್ಯತ್ಯಾಸ ಅಂದರೆ ಸುಮಾರು ಎರಡು ಪಟ್ಟು. ಆ ರೆಫರೆನ್ಸ್ ಅಲುಗಿದರೆ ಸುಳ್ಳು ‘ಎರಡು ಪಟ್ಟು’ ಸುಲಭವಾಗಿ ಹುಟ್ಟುತ್ತದೆ.

ಫಲಿತಾಂಶ? ಆರಾಮಾಗಿದ್ದ ಕೋಳಿಗಳಲ್ಲಿ ಎರಡು ಗುಂಪಿಗೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಜೊತೆಯವರಿಗೆ ಬೇಜಾರಾಯಿತು, ನನಗೆ ಆಗಲಿಲ್ಲ. ಉರಿಯೂತದ ಇಂಟರ್ಲ್ಯೂಕಿನ್-1 ಬೀಟಾ ಸುಮ್ಮನಿದ್ದಾಗಲೂ ಏರಿದ್ದರೆ ಅದು ಲಾಭವಲ್ಲ, ಅಲ್ವಾ? ಕಳ್ಳ ಬರದಿದ್ದರೂ ರಾತ್ರಿಯಿಡೀ ಬೊಗಳುವ ನಾಯಿಯ ಹಾಗೆ. ತಿಂದದ್ದು ಮಾಂಸಕ್ಕೆ ಹೋಗದೆ ಉರಿಯೂತಕ್ಕೆ ಖರ್ಚಾಗುತ್ತದೆ. ಸೋಂಕು ಬಂದ ಹಾಗೆ ದೇಹವನ್ನು ಕೆರಳಿಸುವ, ಕೆಲವು ಬ್ಯಾಕ್ಟೀರಿಯಾಗಳ ಹೊರಕವಚದ ಎಲ್‌ಪಿಎಸ್ ಚುಚ್ಚಿದಾಗ ಮಾತ್ರ ಗುಂಪುಗಳು ಬೇರೆಯಾದವು. ಎರಡರಲ್ಲೂ ಆ ಜೀನ್ ಏರಿತು. ಪ್ರೊಬಯಾಟಿಕ್ ಗುಂಪಿನಲ್ಲಿ ಬೇಗ ಇಳಿಯಿತು, ಉರಿಯೂತವನ್ನು ತಣಿಸುವ ಇಂಟರ್ಲ್ಯೂಕಿನ್-10 ಸ್ವಲ್ಪ ಮೇಲಿತ್ತು. ಗುಲ್ಮದಲ್ಲಿ ಇದು ಅಷ್ಟು ಸ್ಪಷ್ಟವಿರಲಿಲ್ಲ.

ಆರ್‌ಎನ್‌ಎ ಏರಿದೆ ಅಂದರೆ ಪ್ರೋಟೀನ್ ಕೂಡ ಅಷ್ಟೇ ಏರಿದೆ ಅಂತಲ್ಲ. ಪ್ರೋಟೀನ್ ಅಳೆಯಲು ಎಲೈಸಾ ಪರೀಕ್ಷೆ ಬೇಕು, ಅದರ ಕಿಟ್‌ಗೆ ಈಗ ದುಡ್ಡು ಹೊಂದಿಸುತ್ತಿದ್ದೇವೆ. ಮುಂದಿನ ಬ್ಯಾಚ್ ಬೇಸಿಗೆಯಲ್ಲಿ. ಒಣ ಉಮಿಯ ಮೇಲೂ ಇದೇ ವ್ಯತ್ಯಾಸ ಸಿಗುತ್ತದೋ ನೋಡಬೇಕು.