ಹಳೇ ಜಾವಾಕ್ಕೆ ಬಣ್ಣ: ಚಾಸಿಗೊಂದು ದಾರಿ, ಟ್ಯಾಂಕಿಗೊಂದು ದಾರಿ

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮೋಟರ್‌ಸೈಕಲ್ ತಯಾರಿಸಿತು. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿಗಳಲ್ಲಿ ಇವತ್ತು ರಿಸ್ಟೋರೇಶನ್‌ಗೆ ಬರುವ ಹೆಚ್ಚಿನವು ಈಗಾಗಲೇ ಎರಡು ಮೂರು ಸಲ ಬಣ್ಣ ಹೊಡೆಸಿಕೊಂಡಿರುತ್ತವೆ. ಇಂಥ ಗಾಡಿಯನ್ನು ಪೂರ್ತಿ ಬಿಚ್ಚಿ, ಎಲ್ಲ ಭಾಗಗಳನ್ನೂ ಒಂದೇ ಮೂಟೆ ಕಟ್ಟಿ ಬ್ಲಾಸ್ಟಿಂಗ್‌ಗೆ (ಮರಳು ಬಡಿದು ಹಳೇ ಬಣ್ಣ, ತುಕ್ಕು ಎಬ್ಬಿಸುವುದು), ಅಲ್ಲಿಂದ ನೇರ ಪೌಡರ್ ಕೋಟಿಂಗ್‌ಗೆ (ಬಣ್ಣದ ಪುಡಿ ಹೊಡೆದು ಓವನ್ನಿನಲ್ಲಿ ಬೇಯಿಸುವುದು) ಕಳಿಸುವುದು ಈಗ ರೂಢಿಯಾಗಿದೆ. ನಾನು ಹಾಗೆ ಕಳಿಸುವುದಿಲ್ಲ. ಚಾಸಿಯ ಕೊಳವೆ ದಪ್ಪ, ಮಡ್‌ಗಾರ್ಡ್ ತೆಳು ತಗಡು, ಟ್ಯಾಂಕಿನಲ್ಲಿ ಕ್ರೋಮ್ ಇದೆ, ಪೆಟ್ರೋಲ್ ಇದೆ, ಸಿಲಿಂಡರ್ ಬ್ಲಾಕ್ ಬಿಸಿಯಾಗುತ್ತದೆ. ನಾಲ್ಕಕ್ಕೂ ಒಂದೇ ಉಪಚಾರ ಮಾಡಿದರೆ ಮೂರು ಕೆಡುತ್ತವೆ.

ಬಣ್ಣ ತೆಗೆಯುವ ಮೊದಲು ಮೂಲ ಬಣ್ಣ ಎಲ್ಲಿ ಉಳಿದಿದೆ ಎಂದು ಹುಡುಕಬೇಕು. ಬಿಸಿಲು ಬೀಳದ ಜಾಗಗಳಲ್ಲಿ ಅದು ಸಿಗುತ್ತದೆ: ಟ್ಯಾಂಕಿನ ತಳಭಾಗ, ಪಕ್ಕದ ಟೂಲ್ ಬಾಕ್ಸಿನ ಒಳಮೈ, ಹೆಡ್‌ಲೈಟ್ ರಿಮ್ಮಿನ ಹಿಂದಿನ ಅಂಚು. 1500 ನಂಬರ್ ವಾಟರ್ ಪೇಪರಿನಲ್ಲಿ ಮೇಲಿನ ಪದರಗಳನ್ನು ಒಂದೊಂದಾಗಿ ತೆಳುವಾಗಿ ಉಜ್ಜಿ, ಮೂಲ ಬಣ್ಣ ಸಿಕ್ಕ ಮೇಲೆ ಕಾಂಪೌಂಡ್ ಹಾಕಿ ಹೊಳಪು ತರಿಸಿದರೆ ಎರಡು ಇಂಚಿನ ಒಂದು ತುಣುಕು ಸಾಕು, ಪೇಂಟ್ ಅಂಗಡಿಯ ಕಂಪ್ಯೂಟರ್ ಅದನ್ನು ಓದುತ್ತದೆ. ಕಂಪ್ಯೂಟರ್ ಕೊಟ್ಟದ್ದನ್ನೇ ಕಣ್ಣುಮುಚ್ಚಿ ನಂಬುವುದೂ ಬೇಡ. ತಗಡಿನ ತುಂಡಿಗೆ ಹೊಡೆದು, ಒಣಗಿಸಿ, ಹೊರಗೆ ಬಿಸಿಲಿನಲ್ಲಿ ಮೂಲದ ಪಕ್ಕ ಇಟ್ಟು ನೋಡಬೇಕು. ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಾಣುವ ಎರಡು ಮರೂನ್ ಬಿಸಿಲಿಗೆ ಬಂದಾಗ ಬೇರೆಯಾಗಿಬಿಡುತ್ತವೆ. ಚಿನ್ನದ ಗೆರೆಗಳು ಉಳಿದಿದ್ದರೆ ಅವುಗಳ ಅಗಲ, ಅಂಚಿನಿಂದ ಇರುವ ದೂರ, ತಿರುವಿನ ಆಕಾರ ಎಲ್ಲವನ್ನೂ ಟ್ರೇಸಿಂಗ್ ಪೇಪರಿನಲ್ಲಿ ಇಳಿಸಿಕೊಳ್ಳಬೇಕು. ಫೋಟೋ ಒಂದೇ ಇದ್ದರೆ ಸಾಲದು. ಆರ್‌ಸಿಯಲ್ಲಿ ಬರೆದಿರುವ ಬಣ್ಣವನ್ನೂ ಈಗಲೇ ನೋಡಿಕೊಳ್ಳಿ. ಬೇರೆ ಬಣ್ಣ ಹೊಡೆಸುವುದಾದರೆ ಆರ್‌ಟಿಒದಲ್ಲಿ ದಾಖಲೆ ಬದಲಿಸಬೇಕಾಗುತ್ತದೆ.

ಹಳೇ ಪದರ ಯಾವುದು ಎಂದು ತಿಳಿಯಲು ತಿನ್ನರ್ ಅದ್ದಿದ ಬಟ್ಟೆಯನ್ನು ಒಂದು ನಿಮಿಷ ಒತ್ತಿ ಹಿಡಿಯುತ್ತೇನೆ. ಬಣ್ಣ ಕರಗಿ ಬಟ್ಟೆಗೆ ಬಂದರೆ ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಸುಕ್ಕುಗಟ್ಟಿ ಎದ್ದರೆ ಸಿಂಥೆಟಿಕ್ ಎನಾಮೆಲ್. ಏನೂ ಆಗದಿದ್ದರೆ ಹಾರ್ಡ್‌ನರ್ ಹಾಕಿದ ಪಿಯು, ಅಂದರೆ ಪಾಲಿಯುರೆಥೇನ್ ಬಣ್ಣ. ಮೊದಲ ಎರಡರಲ್ಲಿ ಯಾವುದಿದ್ದರೂ ತಗಡು ಕಾಣುವವರೆಗೆ ತೆಗೆಯಲೇಬೇಕು. "ಹಳೇದು ಗಟ್ಟಿ ಇದೆ, ಉಜ್ಜಿ ಅದರ ಮೇಲೇ ಹೊಡೆಯೋಣ" ಅನ್ನುವ ಮಾತು ಎನಾಮೆಲ್ ವಿಷಯದಲ್ಲಿ ನಡೆಯುವುದಿಲ್ಲ. ಹೊಸ ಪಿಯುವಿನ ತಿನ್ನರ್ ಕೆಳಗಿಳಿದು ಎನಾಮೆಲನ್ನು ಎಬ್ಬಿಸುತ್ತದೆ, ಗನ್ ಕೆಳಗಿಡುವಷ್ಟರಲ್ಲಿ ಮೈಯೆಲ್ಲ ಸುಕ್ಕು.

ಚಾಸಿ, ಸ್ವಿಂಗ್ ಆರ್ಮ್, ಸೆಂಟರ್ ಸ್ಟ್ಯಾಂಡ್ ಈ ಮೂರನ್ನು ಧೈರ್ಯವಾಗಿ ಬ್ಲಾಸ್ಟಿಂಗ್‌ಗೆ ಕೊಡಬಹುದು. ಕೊಡುವ ಮೊದಲು ಮರೆಮಾಡಬೇಕಾದ ಜಾಗಗಳಿವೆ. ಹ್ಯಾಂಡಲ್ ಬೇರಿಂಗ್ ಕೂರುವ ಕಪ್‌ಗಳಿಗೆ ಮರದ ಬೆಣೆ, ಎಲ್ಲ ತಿರುಪು ರಂಧ್ರಗಳಿಗೆ ಹಳೇ ಬೋಲ್ಟು, ಸ್ವಿಂಗ್ ಆರ್ಮ್ ಬುಷ್ ಕೂರುವ ರಂಧ್ರಕ್ಕೆ ರಬ್ಬರ್ ಬಿರಡೆ. ಚಾಸಿ ನಂಬರ್ ಮೇಲೆ ದಪ್ಪ ಟೇಪು ಮೂರು ಸುತ್ತು ಹಾಕಿ, ಅಲ್ಲಿ ಮರಳು ತಾಗಕೂಡದು ಎಂದು ಬಾಯಿಬಿಟ್ಟು ಹೇಳಬೇಕು. ನಂಬರ್ ಮಸುಕಾದರೆ ಗಾಡಿ ಎಷ್ಟು ಚೆನ್ನಾಗಿ ತಯಾರಾದರೂ ಆರ್‌ಟಿಒ ಮುಂದೆ ತೊಂದರೆ. ಆ ಜಾಗವನ್ನು ಆಮೇಲೆ ಪೇಂಟ್ ರಿಮೂವರ್, ಹಲ್ಲುಜ್ಜುವ ಬ್ರಷ್ಷಿನಿಂದ ಕೈಯಲ್ಲೇ ಬಿಡಿಸುತ್ತೇನೆ. ಬ್ಲಾಸ್ಟ್ ಆದ ಕಬ್ಬಿಣ ಹಸಿ ಗಾಯದ ಹಾಗೆ, ಮಳೆಗಾಲದಲ್ಲಿ ಕೆಲವೇ ಗಂಟೆಗಳಲ್ಲಿ ಕಂದು ತಿರುಗುತ್ತದೆ. ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಬೇಕು, ಬರಿಗೈಯಲ್ಲಿ ಮುಟ್ಟಕೂಡದು.

ಚಾಸಿಗೆ ಪೌಡರ್ ಕೋಟಿಂಗ್ ಬಗ್ಗೆ ನನಗೆ ಆಕ್ಷೇಪವಿಲ್ಲ, ಕಲ್ಲೇಟಿಗೆ ಅದು ಗಟ್ಟಿ. ಆದರೆ ಅದು 180ರಿಂದ 200 ಡಿಗ್ರಿಯ ಓವನ್ನಿನಲ್ಲಿ ಬೇಯುತ್ತದೆ. ಹಳೇ ರಿಪೇರಿಯಲ್ಲಿ ಎಲ್ಲಾದರೂ ಸೀಸದ ಬೆಸುಗೆ ತುಂಬಿಸಿದ್ದರೆ ಆ ಬಿಸಿಗೆ ಮೆತ್ತಗಾಗುತ್ತದೆ, ಸಾಮಾನ್ಯ ಪುಟ್ಟಿ ಬಿರಿಯುತ್ತದೆ. ಕೋಟಿಂಗಿನ ದಪ್ಪವೂ 60ರಿಂದ 100 ಮೈಕ್ರಾನ್. ಎಂಜಿನ್ ಕೂರುವ ಮುಖಗಳಲ್ಲಿ ಅದು ಉಳಿದರೆ ಬೋಲ್ಟು ಬಿಗಿದ ಮೇಲೆ ಒಳಗೆ ಪುಡಿಯಾಗುತ್ತಾ ಬಂದು ಬಿಗಿ ಸಡಿಲವಾಗುತ್ತದೆ. ಹಾಗಾಗಿ ಆ ಮುಖಗಳನ್ನೂ ಅರ್ಥಿಂಗ್ ಜಾಗಗಳನ್ನೂ ಬರಿ ಲೋಹಕ್ಕೆ ತರಬೇಕು. ಬಣ್ಣದ ಮೇಲೆ ಅರ್ಥ್ ವೈರ್ ಬಿಗಿದು, ಆಮೇಲೆ ಲೈಟ್ ಮಂಕು, ಹಾರ್ನ್ ಕ್ಷೀಣ ಎಂದು ಕಾಯಿಲ್ ಬದಲಿಸುತ್ತಾ ಕೂರುವವರು ಬಹಳ.

ಮಡ್‌ಗಾರ್ಡ್, ಚೈನ್ ಕವರ್, ಟೂಲ್ ಬಾಕ್ಸ್, ಹೆಡ್‌ಲೈಟ್ ಡೂಮ್ ಇವಕ್ಕೆ ಮರಳಿನ ಬ್ಲಾಸ್ಟಿಂಗ್ ಬೇಡವೇ ಬೇಡ. ಅಗಲವಾದ ತೆಳು ತಗಡಿಗೆ ಒಂದು ಕಡೆಯಿಂದ ಮರಳು ಬಡಿದರೆ ಆ ಮೈ ಹಿಗ್ಗಿ ತಗಡು ಬಾಗುತ್ತದೆ. ಆ ಬಾಗನ್ನು ಟಿಂಕರಿಂಗ್‌ನಲ್ಲಿ ಸರಿಮಾಡುವುದು ಹಳೇ ಡೆಂಟ್ ತೆಗೆಯುವುದಕ್ಕಿಂತ ಕಷ್ಟ. ಇವಕ್ಕೆ ಪೇಂಟ್ ರಿಮೂವರ್. ದಪ್ಪವಾಗಿ ಬಳಿದು ಪ್ಲಾಸ್ಟಿಕ್ ಹಾಳೆ ಹೊದಿಸಿ 15-20 ನಿಮಿಷ ಬಿಟ್ಟರೆ ಆರಿಹೋಗದೆ ಕೆಲಸ ಮಾಡುತ್ತದೆ. ಕೆರೆಯುವುದಕ್ಕೆ ಮೂಲೆ ದುಂಡು ಮಾಡಿದ ಪುಟ್ಟಿ ಪಟ್ಟಿ ಬಳಸಿ, ಚೂಪು ಮೂಲೆ ತಗಡಿನಲ್ಲಿ ಗೀರು ಬಿಡುತ್ತದೆ.

ಹಿಂದಿನ ಮಡ್‌ಗಾರ್ಡಿನಲ್ಲಿ ನಾನು ಮೊದಲು ನೋಡುವುದು ಅದನ್ನು ಹಿಡಿದಿಡುವ ಸ್ಟೇ ಪಟ್ಟಿ ಸ್ಪಾಟ್ ವೆಲ್ಡ್ ಆಗಿರುವ ಜಾಗ. ಪಟ್ಟಿಗೂ ತಗಡಿಗೂ ನಡುವೆ ಕೂದಲೆಳೆಯ ಸಂದು. ದಶಕಗಳ ಕೆಸರು, ನೀರು ಅಲ್ಲಿ ಕೂತಿರುತ್ತದೆ. ಈಗ ಪೇಂಟ್ ರಿಮೂವರ್ ಕೂಡ ಅದರೊಳಗೆ ಇಳಿಯುತ್ತದೆ. ಮೇಲೆ ತೊಳೆದು ಒರೆಸಿದ ಮಡ್‌ಗಾರ್ಡ್ ಪೂರ್ತಿ ಒಣಗಿದ ಹಾಗೇ ಕಾಣುತ್ತದೆ, ಹಾಟ್ ಏರ್ ಗನ್ ಹಿಡಿದರೆ ಸಂದಿನ ಉದ್ದಕ್ಕೂ ಕಂದು ನೀರಿನ ಗೆರೆ ಮೂಡುತ್ತದೆ. ಆ ಗೆರೆ ಬರುವುದು ಪೂರ್ತಿ ನಿಲ್ಲುವವರೆಗೆ ತೊಳೆಯುವುದು, ಏರ್ ಹೊಡೆಯುವುದು, ಬಿಸಿ ಮಾಡುವುದು. ಇಲ್ಲವಾದರೆ ಹೊಸ ಬಣ್ಣ ಕೆಲವು ತಿಂಗಳಲ್ಲಿ ಸರಿಯಾಗಿ ಆ ಪಟ್ಟಿಯ ಅಂಚಿಗೇ ಗುಳ್ಳೆ ಏಳುತ್ತದೆ. ಪ್ರೈಮರ್ ಆದ ಮೇಲೆ ಆ ಸಂದಿಗೆ ಪಿಯು ಸೀಮ್ ಸೀಲರ್ ತೆಳುವಾಗಿ ಎಳೆದುಬಿಡುತ್ತೇನೆ. ಕಾರ್ಖಾನೆಯಿಂದ ಬಂದಾಗ ಅದು ಇರಲಿಲ್ಲ ಎಂದು ಮೂಲಸ್ವರೂಪದ ಕಟ್ಟಾಳುಗಳು ಹೇಳಬಹುದು. ಕಣ್ಣಿಗೆ ಕಾಣದ ಒಳಗಿನ ಅಂಚು ಅದು, ಗಾಡಿ ಉಳಿಯುವುದು ನನಗೆ ಮುಖ್ಯ.

ಸಣ್ಣ ಬ್ರಾಕೆಟ್, ಕ್ಲಾಂಪ್, ಲಿವರ್‌ಗಳ ತುಕ್ಕಿಗೆ ಎಲೆಕ್ಟ್ರಾಲಿಸಿಸ್‌ನಷ್ಟು ಅಗ್ಗದ, ಮೃದುವಾದ ದಾರಿ ಇನ್ನೊಂದಿಲ್ಲ. ಪ್ಲಾಸ್ಟಿಕ್ ಟಬ್ಬಿನಲ್ಲಿ 10 ಲೀಟರ್ ನೀರಿಗೆ 50-60 ಗ್ರಾಂ ವಾಷಿಂಗ್ ಸೋಡಾ. 12 ವೋಲ್ಟ್ ಬ್ಯಾಟರಿ ಚಾರ್ಜರಿನ ನೆಗೆಟಿವ್ ನಮ್ಮ ಭಾಗಕ್ಕೆ, ಪಾಸಿಟಿವ್ ಒಂದು ಹಳೇ ಕಬ್ಬಿಣದ ಪಟ್ಟಿಗೆ. ಪಾಸಿಟಿವ್ ಕಡೆ ಸ್ಟೇನ್‌ಲೆಸ್ ಸ್ಟೀಲ್ ಇಡಬೇಡಿ, ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಅಲ್ಯೂಮಿನಿಯಂ ಭಾಗ ಹಾಕಬೇಡಿ, ಸೋಡಾ ಅದನ್ನು ತಿನ್ನುತ್ತದೆ. ಮೇಲೇಳುವುದು ಹೈಡ್ರೋಜನ್, ಹಾಗಾಗಿ ಗಾಳಿಯಾಡುವ ಜಾಗ, ಹತ್ತಿರ ಕಿಡಿ ಬೇಡ. ಸ್ಪ್ರಿಂಗುಗಳನ್ನು ಮಾತ್ರ ಇದಕ್ಕೂ ಆಸಿಡ್ಡಿಗೂ ಹಾಕುವುದಿಲ್ಲ. ಗಡಸು ಉಕ್ಕು ಹೈಡ್ರೋಜನ್ ಹೀರಿ ಪೆಡಸಾಗಿ ಮುರಿಯುತ್ತದೆ. ಫಾಸ್ಫಾರಿಕ್ ಆಸಿಡ್ ಇರುವ ತುಕ್ಕು ನಿವಾರಕ ಬಳಸಿದರೆ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಬೇಕು. ಆಸಿಡ್ ಉಳಿದ ಮೈಮೇಲೆ ಎಪಾಕ್ಸಿ ಸರಿಯಾಗಿ ಗಟ್ಟಿಯಾಗುವುದಿಲ್ಲ, ಉಗುರಿಗೆ ಎದ್ದು ಬರುತ್ತದೆ.

ಟ್ಯಾಂಕ್ ಎಲ್ಲಕ್ಕಿಂತ ಹೆಚ್ಚು ಸಮಯ ಕೇಳುತ್ತದೆ. ಇಲ್ಲಿ ಕೆಲಸದ ಸರಣಿ ತಪ್ಪಿದರೆ ಹಿಂದಿನ ಖರ್ಚೆಲ್ಲ ನೀರುಪಾಲು. ಮೊದಲು ಒಳಗಿನ ತುಕ್ಕು, ನಂತರ ಸೋರಿಕೆ ಪರೀಕ್ಷೆ, ಬೆಸುಗೆ, ಡೆಂಟ್, ಆಮೇಲೆ ಕ್ರೋಮ್, ಕೊನೆಗೆ ಬಣ್ಣ. ಒಳತುಕ್ಕಿಗೆ ನೂರಕ್ಕೆ ಐದು ಪಾಲಿನ ಸಿಟ್ರಿಕ್ ಆಸಿಡ್, ಅಂದರೆ ಲೀಟರಿಗೆ 50 ಗ್ರಾಂ, ಒಂದು ರಾತ್ರಿ ತುಂಬಿಸಿಟ್ಟು, ಬೆಳಿಗ್ಗೆ ಚೆಲ್ಲಿ ಸೋಡಾ ನೀರಿನಲ್ಲಿ ತೊಳೆದು ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸುತ್ತೇನೆ. ಸೋರಿಕೆ ನೋಡಲು ಟ್ಯಾಪಿನ ಬಾಯಿ ಮುಚ್ಚಿ 3 ಪಿಎಸ್‌ಐ ಗಾಳಿ, ಹೊರಗೆ ಸೋಪಿನ ನೊರೆ. ಅದಕ್ಕಿಂತ ಹೆಚ್ಚು ಗಾಳಿ ಕೊಟ್ಟರೆ ಟ್ಯಾಂಕ್ ಉಬ್ಬಿಕೊಳ್ಳುತ್ತದೆ. ಗುಳ್ಳೆ ಬರುವುದು ಸಾಮಾನ್ಯವಾಗಿ ತಳದ ಜೋಡಣೆಯಲ್ಲಿ, ನೀರು ನಿಲ್ಲುವ ತಗ್ಗಿನಲ್ಲಿ. ಬೆಸುಗೆಗೆ ಕೊಡುವ ಟ್ಯಾಂಕಿನಲ್ಲಿ ಪೆಟ್ರೋಲಿನ ವಾಸನೆಯೂ ಇರಬಾರದು. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಸಿಡಿಯುವುದು ಆವಿ. ಸೋಪಿನ ಬಿಸಿನೀರಿನಲ್ಲಿ ಹಲವು ಸಲ ತೊಳೆದು, ಬೆಸುಗೆ ಜಾಗದವರೆಗೆ ನೀರು ತುಂಬಿಸಿಯೇ ಹಚ್ಚಿಸಬೇಕು.

ಒಳಗೆ ಸೀಲರ್ ಹಾಕುವುದು ನನ್ನ ಮಟ್ಟಿಗೆ ಕೊನೆಯ ಉಪಾಯ. ಹಾಕುವುದೇ ಆದರೆ ಎಥನಾಲ್ ತಡೆಯುವ ಎಪಾಕ್ಸಿ ಜಾತಿಯದೇ ಆಗಬೇಕು, ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್. ಹಳೇ ಥರದ ಸೀಲರ್ ಅದರಲ್ಲಿ ಮೆತ್ತಗಾಗಿ ಹಾಳೆಯಂತೆ ಎದ್ದು ಕಾರ್ಬ್ಯುರೇಟರ್ ಕಟ್ಟುತ್ತದೆ.

ಕ್ರೋಮ್ ಅಂಗಡಿಗೆ ಟ್ಯಾಂಕ್ ಕೊಡುವಾಗ ಪುಟ್ಟಿ ಒಂದು ಚೂರೂ ಇರಬಾರದು; ಲೋಹವಲ್ಲದ ಮೈಮೇಲೆ ತಾಮ್ರ, ನಿಕಲ್, ಕ್ರೋಮ್ ಯಾವುದೂ ಕೂರುವುದಿಲ್ಲ. ಡೆಂಟ್ ಪೂರ್ತಿ ಲೋಹದಲ್ಲೇ ಏಳಬೇಕು. ತೆಳುವಾದ ಟ್ಯಾಂಕನ್ನು ಜೋರಾಗಿ ಬಫ್ ಮಾಡಬೇಡಿ ಎಂದೂ ಹೇಳಿ, ಅಂಚುಗಳು ಸವೆದು ತೂತಾಗುತ್ತವೆ. ಪ್ಲೇಟಿಂಗ್ ಮುಗಿದ ಮೇಲೆ ಬಣ್ಣ ಬರುವ ಭಾಗದಲ್ಲಿ ಕ್ರೋಮ್ ಹರಡಿರುತ್ತದೆ. ಬಣ್ಣ ಕ್ರೋಮಿಗೆ ಅಂಟುವುದಿಲ್ಲ. ಗಡಿಗೆ 3 ಮಿಲಿಮೀಟರ್ ಫೈನ್‌ಲೈನ್ ಟೇಪ್ ಅಂಟಿಸಿ, ಆಚೆಯ ಕ್ರೋಮನ್ನು 180 ನಂಬರ್ ಪೇಪರಿನಲ್ಲಿ ಹೊಳಪು ಸತ್ತು ನಿಕಲ್ಲಿನ ಹಳದಿ ಛಾಯೆ ಕಾಣುವವರೆಗೆ ಉಜ್ಜಿ ಎಪಾಕ್ಸಿ ಕೊಡುತ್ತೇನೆ.

ಪ್ರೈಮರ್, ಪುಟ್ಟಿ ವಿಷಯದಲ್ಲಿ ನನ್ನ ಪದ್ಧತಿ ಹೀಗೆ. ಬರಿ ಲೋಹಕ್ಕೆ 80 ಅಥವಾ 120 ನಂಬರ್ ಪೇಪರಿನ ಗೀರು, ವ್ಯಾಕ್ಸ್-ಗ್ರೀಸ್ ರಿಮೂವರ್ ಒಂದು ಬಟ್ಟೆಯಲ್ಲಿ ಹಚ್ಚಿ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸುವುದು, ಎಪಾಕ್ಸಿ ಎರಡು ಕೋಟು. ಎಪಾಕ್ಸಿಯನ್ನು ಹಾರ್ಡ್‌ನರ್ ಜೊತೆ ಬೆರೆಸಿ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಆಮೇಲೆ ಗನ್ನಿಗೆ ತುಂಬಬೇಕು. ಪುಟ್ಟಿ ಎಪಾಕ್ಸಿಯ ಮೇಲೆ, 2-3 ಮಿಲಿಮೀಟರ್ ಮೀರದ ಹಾಗೆ. 100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡ್‌ನರ್. ಬೇಗ ಗಟ್ಟಿಯಾಗಲಿ ಎಂದು ಹೆಚ್ಚು ಹಾಕಿದರೆ ಅದರ ಪೆರಾಕ್ಸೈಡ್ ಮೇಲೆ ಬಂದು ಬಣ್ಣದಲ್ಲಿ ಕಲೆ ಮೂಡಿಸುತ್ತದೆ. ಪುಟ್ಟಿಯನ್ನು ಒಣಗಾಗಿಯೇ ಉಜ್ಜಬೇಕು: 80, 120, 180. ನಮ್ಮಲ್ಲಿ ಅಂಗಡಿ ಅಂಗಡಿಯಲ್ಲೂ ಪುಟ್ಟಿ ಮೇಲೆ ನೀರು ಸುರಿದು ಉಜ್ಜುತ್ತಾರೆ. ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ, ಆ ನೀರು ಬಣ್ಣದಡಿ ಸಿಕ್ಕಿ ಬೇಸಿಗೆಯಲ್ಲಿ ಗುಳ್ಳೆಯಾಗಿ ಮೇಲೇಳುತ್ತದೆ. ನೀರು ಬಳಸುವುದು ಅದರ ಮೇಲೆ ಪಿಯು ಸರ್ಫೇಸರ್ (ಮೈ ಸಮ ಮಾಡುವ ಪ್ರೈಮರ್) ಬಿದ್ದ ನಂತರ, 400, 600ರಲ್ಲಿ. ಸರ್ಫೇಸರ್ ಮೇಲೆ ಕಪ್ಪು ಬಣ್ಣದ ಮಂಜಿನಂಥ ಗೈಡ್ ಕೋಟ್ ಹೊಡೆದು ಉಜ್ಜಿದರೆ ತಗ್ಗಿರುವ ಕಡೆ ಕಪ್ಪು ಉಳಿದು ಎಲ್ಲ ಹೇಳುತ್ತದೆ.

ಬಣ್ಣಕ್ಕೆ ನಾನು ಪಿಯು ಬಿಟ್ಟು ಬೇರೆ ಯೋಚಿಸುವುದಿಲ್ಲ. ಎನ್‌ಸಿಯ ಹೊಳಪು ಆ ಕಾಲದ ಗಾಡಿಗೆ ಒಪ್ಪುತ್ತದೆ ನಿಜ, ಆದರೆ ಟ್ಯಾಂಕಿನ ಬಾಯಿಯ ಸುತ್ತ ಪೆಟ್ರೋಲ್ ಚೆಲ್ಲಿದರೆ ಕರಗುತ್ತದೆ. ಇಡೀ ಗಾಡಿಗೆ ಒಂದು ಲೀಟರ್ ಬಣ್ಣ ಸಾಕು. ಬಣ್ಣ, ಹಾರ್ಡ್‌ನರ್, ತಿನ್ನರ್ ಅನುಪಾತ ಕಂಪನಿಯಿಂದ ಕಂಪನಿಗೆ ಬೇರೆ, ಅಳತೆ ಡಬ್ಬಿಯಲ್ಲೇ ಹಾಕಿ, ಅಂದಾಜು ಬೇಡ. ಗನ್ನಿನ ನಾಝಲ್ 1.3 ಅಥವಾ 1.4 ಮಿಲಿಮೀಟರ್, ಸರ್ಫೇಸರಿಗೆ 1.7 ಆಸುಪಾಸು. ಟ್ರಿಗರ್ ಒತ್ತಿ ಹಿಡಿದಾಗ 30 ಪಿಎಸ್‌ಐ, ದೂರ ಆರರಿಂದ ಎಂಟು ಇಂಚು, ಪ್ರತಿ ಪಟ್ಟೆಯೂ ಹಿಂದಿನದರ ಅರ್ಧ ಮುಚ್ಚಬೇಕು. ಮೊದಲ ಕೋಟು ತೆಳು, ನಂತರದ ಎರಡು ತುಂಬು, ನಡುವೆ ಹತ್ತು ನಿಮಿಷ. ಅವಸರ ಮಾಡಿದರೆ ಕೆಳಗಿನ ತಿನ್ನರ್ ಸೂಜಿಮೊನೆ ತೂತು ಮಾಡಿಕೊಂಡು ಹೊರಬರುತ್ತದೆ. ಮೀನುಕಣ್ಣಿನಂಥ ಗುಂಡಿ ಬಂದರೆ ಕಾರಣ ಸಿಲಿಕೋನ್: ಪಾಲಿಶ್, ಚೈನ್ ಸ್ಪ್ರೇ ಅದೇ ಕೋಣೆಯಲ್ಲಿ ಬಳಸಿರುತ್ತಾರೆ. ಮರೂನ್ ಮುಚ್ಚುವ ಶಕ್ತಿ ಕಡಿಮೆಯ ಬಣ್ಣ, ಕೆಳಗೆ ಅಲ್ಲಲ್ಲಿ ಪುಟ್ಟಿ, ಅಲ್ಲಲ್ಲಿ ಬೂದು ಇದ್ದರೆ ತೇಪೆಯಾಗಿ ಕಾಣುತ್ತದೆ. ಎಲ್ಲ ಭಾಗಗಳಿಗೂ ಒಂದೇ ಛಾಯೆಯ ಸರ್ಫೇಸರ್ ಇರಲಿ, ಒಂದೇ ದಿನ ಒಂದೇ ಡಬ್ಬಿಯಿಂದ ಹೊಡೆಯಿರಿ.

ಪಿಯು ಹಾರ್ಡ್‌ನರಿನಲ್ಲಿರುವ ಐಸೊಸಯನೇಟ್ ಉಸಿರಾಟಕ್ಕೆ ನಿಜವಾಗಿ ಅಪಾಯ, ಒಮ್ಮೆ ಅದರ ಅಲರ್ಜಿ ಅಂಟಿಕೊಂಡರೆ ಜೀವನಪೂರ್ತಿ. ಮೂಗಿಗೆ ಕರ್ಚೀಫ್ ಕಟ್ಟಿ ಹೊಡೆಯುವ ಹುಡುಗರನ್ನು ನೋಡಿದರೆ ಸಂಕಟವಾಗುತ್ತದೆ. ಹೊರಗಿನಿಂದ ಗಾಳಿ ಬರುವ ಮಾಸ್ಕ್ ಉತ್ತಮ. ಅದಿಲ್ಲದಿದ್ದರೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್, ಕೈಗವಸು, ಕನ್ನಡಕ, ಎಕ್ಸಾಸ್ಟ್ ಫ್ಯಾನ್ ಇಲ್ಲದೆ ಗನ್ ಎತ್ತಬೇಡಿ.

ಡಿಸೆಂಬರಿನಿಂದ ಮಾರ್ಚ್‌ವರೆಗೆ ಹವೆ ಚೆನ್ನ. ಮಳೆಗಾಲದಲ್ಲಿ ಮಾಡಲೇಬೇಕಾದರೆ ಕಂಪ್ರೆಸರ್ ಟ್ಯಾಂಕಿನ ನೀರು ಬಸಿದು, ಗನ್ನಿನ ಬಳಿ ವಾಟರ್ ಟ್ರ್ಯಾಪ್ ಹಾಕಿ, ಮಧ್ಯಾಹ್ನವೇ ಮುಗಿಸಿ. ಬಣ್ಣ ಆರುವ ಮೊದಲೇ ಸಂಜೆಯ ತಂಪಿಗೆ ತಗಡಿನ ಮೇಲೆ ನೀರು ಕೂತರೆ ಹೊಳಪು ಮಂಕಾಗುತ್ತದೆ.

ಚಿನ್ನದ ಗೆರೆಗಳು ಕ್ಲಿಯರ್ ಕೋಟಿನ (ಬಣ್ಣವಿಲ್ಲದ ಪಾರದರ್ಶಕ ಮೇಲ್ಪದರದ) ಕೆಳಗೆ ಇರಬೇಕು ಎಂಬುದು ನನ್ನ ಅಭಿಪ್ರಾಯ, ಇಲ್ಲವಾದರೆ ಒರೆಸಿ ಒರೆಸಿ ಅಳಿಯುತ್ತವೆ. ಮರೂನ್ ಒಂದು ದಿನ ಆರಿದ ಮೇಲೆ 1000 ನಂಬರಿನಲ್ಲಿ ಹೊಳಪು ಮುರಿದು, ಟ್ರೇಸಿಂಗ್ ಇಟ್ಟು, ಉದ್ದ ಕೂದಲಿನ ಬ್ರಷ್ಷಿನಲ್ಲಿ ಒಂದೇ ಎಳೆತ. ಕೈ ಪಳಗದವರು ಎರಡು ಫೈನ್‌ಲೈನ್ ಟೇಪಿನ ನಡುವೆ ತುಂಬಿಸಿ, ಅರ್ಧ ಒಣಗಿದಾಗಲೇ ಟೇಪು ಕೀಳಿ. ಮೇಲೆ ಎರಡು ಕೋಟು ಕ್ಲಿಯರ್.

ಬೀಡು ಕಬ್ಬಿಣದ ಸಿಲಿಂಡರ್ ಬ್ಲಾಕಿಗೆ ಹೀಟ್ ರೆಸಿಸ್ಟೆಂಟ್ ಬಣ್ಣ ಮಾತ್ರ, ತೀರಾ ತೆಳುವಾಗಿ. ಅದರಡಿ ಸಾಮಾನ್ಯ ಪ್ರೈಮರ್ ಹಾಕಿದರೆ ಸುಟ್ಟು ಉದುರುತ್ತದೆ. ಅದು ಗಟ್ಟಿಯಾಗುವುದು ಎಂಜಿನ್ ಬಿಸಿಗೇ.

ಜೋಡಣೆಗೆ ಒಂದು ವಾರ ಕಾಯಬೇಕು. ಮುಟ್ಟಿದರೆ ಗಟ್ಟಿ ಅನ್ನಿಸಿದರೂ ವಾಷರ್ ಒತ್ತಡಕ್ಕೆ ಹೊಸ ಬಣ್ಣ ತಗ್ಗುತ್ತದೆ, ಟ್ಯಾಂಕಿನಡಿಯ ರಬ್ಬರ್ ಅಚ್ಚೊತ್ತುತ್ತದೆ. ಪೆಟ್ರೋಲನ್ನೂ ಅಲ್ಲಿಯವರೆಗೆ ತುಂಬಬೇಡಿ, ವ್ಯಾಕ್ಸ್ ಪಾಲಿಶ್ ಒಂದು ತಿಂಗಳು ಬೇಡ. ಮಿಕ್ಕ ಬಣ್ಣವನ್ನು ಹಾರ್ಡ್‌ನರ್ ಬೆರೆಸದೆ ಗಾಜಿನ ಸಣ್ಣ ಬಾಟಲಿಗೆ ಅಂಚಿನವರೆಗೆ ತುಂಬಿಸಿ, ಶೇಡ್ ನಂಬರ್ ಬರೆದಿಟ್ಟುಕೊಳ್ಳಿ, ಕಲ್ಲೇಟಿನ ಚುಕ್ಕಿ ಮುಚ್ಚಲು ಬೇಕಾಗುತ್ತದೆ. ಹಾರ್ಡ್‌ನರನ್ನು ಮಾತ್ರ ಆಗ ಹೊಸದಾಗಿ ತರಬೇಕು. ತೆರೆದ ಡಬ್ಬಿ ಗಾಳಿಯ ತೇವ ಹೀರಿ ಒಳಗೇ ಗಟ್ಟಿಯಾಗಿರುತ್ತದೆ.